ಮಗು ಎಲ್ಲಿ ಮಲಗಬೇಕು, ಎಲ್ಲಿ ಹುಟ್ಟಬೇಕು: ಅಪಾಯದ ಲೆಕ್ಕ ಹಾಕುವುದು ಹೇಗೆ?

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬ್ರಾಡ್‌ಫರ್ಡ್ ಅಂತ ಒಂದು ಊರಿದೆ. ಒಂದು ಕಾಲಕ್ಕೆ ಉಣ್ಣೆ ಗಿರಣಿಗಳಿಗೆ ಹೆಸರಾಗಿದ್ದ ಊರು. ಆ ಗಿರಣಿಗಳಲ್ಲಿ ದುಡಿಯಲು ಪಾಕಿಸ್ತಾನದಿಂದ ಹೋದವರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲೇ ಬೇರು ಬಿಟ್ಟಿದ್ದಾರೆ. ಚೆನ್ನಾಗಿಯೇ ಇದ್ದ ಕೂಸು ರಾತ್ರಿ ಮಲಗಿದ್ದು ಬೆಳಗ್ಗೆ ಏಳದೇ ಹೋಗುವುದಿದೆಯಲ್ಲ, ವೈದ್ಯರು 'ಸಿಡ್ಸ್' ಅನ್ನುವ ಹಠಾತ್ ಸಾವು, ಅದು ಬ್ರಿಟನ್ನಿನ ದಕ್ಷಿಣ ಏಷ್ಯಾ ಮೂಲದ ಮನೆಗಳಲ್ಲಿ ಬಿಳಿಯರ ಮನೆಗಳಿಗಿಂತ ಕಡಿಮೆ. ಯಾಕೆ ಅಂತ ತಿಳಿಯಲು ಡರ್ಹ್ಯಾಮ್ ವಿಶ್ವವಿದ್ಯಾಲಯದ ಹೆಲೆನ್ ಬಾಲ್ ಮತ್ತು ಸಂಗಡಿಗರು ಬ್ರಾಡ್‌ಫರ್ಡಿನ 2,500ಕ್ಕೂ ಹೆಚ್ಚು ಕುಟುಂಬಗಳನ್ನು ಮಾತಾಡಿಸಿದರು. ಉತ್ತರ ಹೊರಬಂದದ್ದು 2012ರಲ್ಲಿ.

ಅದು ನೋಡಿದವರು ತಲೆ ಕೆರೆದುಕೊಳ್ಳುವಂತಿತ್ತು. ಪಾಕಿಸ್ತಾನಿ ಮೂಲದ ತಾಯಂದಿರು ಕೂಸನ್ನು ದೊಡ್ಡವರ ಹಾಸಿಗೆಯಲ್ಲೇ ಮಲಗಿಸುವುದು ಜಾಸ್ತಿ. ತಲೆಗೆ ದಿಂಬು ಕೊಡುವುದು ಜಾಸ್ತಿ. ಮಗ್ಗುಲಾಗಿ ಮಲಗಿಸುವುದು, ದಪ್ಪ ಹೊದಿಕೆ ಹೊದಿಸುವುದು ಎಲ್ಲ ಜಾಸ್ತಿ. ಅಲ್ಲಿನ ನರ್ಸುಗಳು 'ಬೇಡ' ಅಂತ ಹೇಳಿಕೊಡುವ ಪಟ್ಟಿಯಲ್ಲಿ ಇರುವುದೇ ಇವು. ಆದರೆ ಇದೇ ಮನೆಗಳಲ್ಲಿ ತಾಯಂದಿರು ಸಿಗರೇಟು ಸೇದುವುದು ಕಡಿಮೆ, ತಂದೆ ತಾಯಿ ಮದ್ಯ ಕುಡಿಯುವುದು ಕಡಿಮೆ. ಎದೆಹಾಲು ಕುಡಿಸುವವರು ಹೆಚ್ಚು. ಮಗುವನ್ನು ಎತ್ತಿಕೊಂಡು ಸೋಫಾದ ಮೇಲೆ ನಿದ್ದೆ ಹೋಗುವುದು ಅಪರೂಪ. ಮಗುವನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಬಿಡುವುದೂ ಅಪರೂಪ.

ಅಂದರೆ 'ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದಾ' ಅನ್ನುವ ಪ್ರಶ್ನೆಗೆ ಹೌದು, ಇಲ್ಲ ಅಂತ ಉತ್ತರವೇ ಇಲ್ಲ. ಪಕ್ಕದಲ್ಲಿರುವವರು ಯಾರು, ಹಾಸಿಗೆ ಎಂಥದ್ದು, ಮಗುವಿನ ತೂಕ ಎಷ್ಟು ಅಂತ ಮೊದಲು ಕೇಳಬೇಕು. ಮನೆಯಲ್ಲಿ ಹೆರಿಗೆ ಮಾಡಿಸಿಕೊಳ್ಳಬಹುದಾ ಅನ್ನುವ ಪ್ರಶ್ನೆಯೂ ಇದೇ ಜಾತಿಯದು. ಈ ಎರಡರ ಬಗ್ಗೆ ಇಷ್ಟೊಂದು ಜಗಳ ನಡೆಯುವುದಕ್ಕೆ ಮುಖ್ಯ ಕಾರಣ, ಎರಡೂ ಕಡೆಯವರು ಬೇರೆ ಬೇರೆ ಪರಿಸ್ಥಿತಿಯ ಲೆಕ್ಕ ಹಿಡಿದುಕೊಂಡು ಒಂದೇ ಹೆಸರಿನಲ್ಲಿ ವಾದ ಮಾಡುತ್ತಿರುವುದು.

ಮೊದಲು ಜಗಳವೇ ಇಲ್ಲದ ಮಾತು

ಒಂದು ವರ್ಷದೊಳಗಿನ ಮಗುವನ್ನು ನಿದ್ದೆಗೆ ಅಂಗಾತ, ಅಂದರೆ ಬೆನ್ನ ಮೇಲೆ ಮಲಗಿಸಬೇಕು. ಹಗಲಿನ ನಿದ್ದೆಯೂ ಸೇರಿ. ಇದರಲ್ಲಿ ಯಾವ ದೇಶದ ವೈದ್ಯರಿಗೂ ಭಿನ್ನಾಭಿಪ್ರಾಯ ಇಲ್ಲ.

ಆದರೆ ಮೊದಲಿನಿಂದ ಹೀಗಿರಲಿಲ್ಲ. 1950ರ ದಶಕದಿಂದ ಪಶ್ಚಿಮ ದೇಶಗಳಲ್ಲಿ ಬೋರಲು ಮಲಗಿಸಿ ಎಂಬ ಸಲಹೆ ಹಬ್ಬಿತು. ಅಂಗಾತ ಮಲಗಿದರೆ ಕಕ್ಕಿದ ಹಾಲು ಉಸಿರುಗೊಳವೆಗೆ ಹೋಗುತ್ತದೆ ಎಂಬ ಭಯ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಸತ್ಯ ಉಲ್ಟಾ. ಮಗು ಅಂಗಾತ ಮಲಗಿದಾಗ ಉಸಿರುಗೊಳವೆ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಮೇಲೆ ಬಂದ ಹಾಲು ತನ್ನ ಭಾರಕ್ಕೆ ಅನ್ನನಾಳಕ್ಕೇ ಇಳಿಯುತ್ತದೆ. ಬೋರಲು ಮಲಗಿದಾಗ ಉಸಿರುಗೊಳವೆ ಕೆಳಗಾಗುತ್ತದೆ, ಹಾಲು ಅದರ ಬಾಯಿಗೇ ಬಂದು ನಿಲ್ಲುತ್ತದೆ. ಮಗ್ಗುಲಾಗಿ ಮಲಗಿಸಿದರೂ ಪೂರ್ತಿ ನೆಮ್ಮದಿ ಇಲ್ಲ. ಮಗ್ಗುಲಿಂದ ಮಗು ಸುಲಭವಾಗಿ ಹೊಟ್ಟೆಯ ಮೇಲೆ ಉರುಳುತ್ತದೆ.

ನೆದರ್ಲೆಂಡ್ಸ್ 1987ರಲ್ಲಿ ಈ ಸಲಹೆಯನ್ನು ತಿರುಗಿಸಿತು. ಬ್ರಿಟನ್ ಮತ್ತು ನ್ಯೂಜಿಲೆಂಡ್ 1991ರಲ್ಲಿ, ಅಮೆರಿಕ 1994ರಲ್ಲಿ ದೊಡ್ಡ ಪ್ರಚಾರ ಶುರು ಮಾಡಿದವು. ಅಮೆರಿಕದಲ್ಲಿ 1990ರಲ್ಲಿ ಒಂದು ಲಕ್ಷ ಕೂಸುಗಳಿಗೆ ಸುಮಾರು 130 ಇದ್ದ ಸಿಡ್ಸ್ ಸಾವು 2020ರ ಹೊತ್ತಿಗೆ 38ಕ್ಕೆ ಇಳಿಯಿತು. ಇದರಲ್ಲಿ ಒಂದು ಪಾಲು, ಅಂಥ ಸಾವುಗಳಿಗೆ ದಾಖಲೆಯಲ್ಲಿ ಬೇರೆ ಕಾರಣ ಬರೆಯಲು ಶುರು ಮಾಡಿದ್ದರಿಂದ ಬಂದದ್ದು. ಆದರೂ ಇಷ್ಟು ದೊಡ್ಡ ಇಳಿಕೆ ಔಷಧಿಯಿಲ್ಲದೆ, ದುಡ್ಡಿಲ್ಲದೆ, ಮಗುವನ್ನು ತಿರುಗಿಸಿ ಮಲಗಿಸಿದ್ದರಿಂದ ಆಯಿತು. 2005ರಲ್ಲಿ ಬ್ರಿಟಿಷ್ ಸಂಶೋಧಕರು ಹಳೆಯ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಬೋರಲು ಮಲಗಿಸುವುದು ಅಪಾಯ ಅಂತ 1970ರಲ್ಲೇ ಹೇಳಲು ಸಾಕಷ್ಟು ಪುರಾವೆ ಇತ್ತು. ಯಾರೂ ಅದನ್ನು ಕೂಡಿಸಿ ನೋಡಿರಲಿಲ್ಲ ಅಷ್ಟೇ. ಹಾಗೆ ನೋಡಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಮಕ್ಕಳು ಬದುಕುತ್ತಿದ್ದರು ಎಂದು ಅವರು ಅಂದಾಜು ಮಾಡಿದರು.

ಬೋರಲು ಯಾಕೆ ಅಪಾಯ ಅನ್ನುವುದಕ್ಕೆ ಈಗ ಒಪ್ಪಿರುವ ವಿವರಣೆ ಮೂರು ಸಂಗತಿ ಕೂಡಿದ್ದು. ಕೆಲವು ಮಕ್ಕಳ ಮೆದುಳಿನ ಬುಡದಲ್ಲಿ ಉಸಿರು ಕಟ್ಟಿದಾಗ ಎಚ್ಚರಿಸುವ ವ್ಯವಸ್ಥೆ ಹುಟ್ಟಿನಿಂದಲೇ ಸ್ವಲ್ಪ ಮಂದ. ಎರಡರಿಂದ ನಾಲ್ಕು ತಿಂಗಳ ವಯಸ್ಸು ಆ ವ್ಯವಸ್ಥೆ ಬದಲಾಗುತ್ತಿರುವ ನಾಜೂಕಿನ ಕಾಲ. ಇವೆರಡರ ಮೇಲೆ ಹೊರಗಿನ ಒತ್ತಡ ಒಂದು ಬೀಳುತ್ತದೆ. ಮುಖಕ್ಕೆ ಒತ್ತಿದ ಮೆತ್ತನೆ ಬಟ್ಟೆ, ವಿಪರೀತ ಸೆಕೆ, ಬೀಡಿ ಸಿಗರೇಟಿನ ಹೊಗೆ, ಹೀಗೆ ಏನಾದರೂ. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಯಾವ ಮಗುವಿನ ವ್ಯವಸ್ಥೆ ಮಂದ ಅಂತ ಹೊರಗಿನಿಂದ ನೋಡಿ ಹೇಳಲೂ ಆಗುವುದಿಲ್ಲ. ಮೂರನೆಯದು ಮಾತ್ರ ನಮ್ಮ ಕೈಯಲ್ಲಿದೆ.

ನಮ್ಮ ಮನೆಗಳ ತೊಟ್ಟಿಲಿನೊಳಗೆ

ಇದನ್ನು ತಿಳಿದುಕೊಂಡು ನಮ್ಮ ಬಾಣಂತಿ ಕೋಣೆಯೊಳಗೆ ಒಮ್ಮೆ ಕಣ್ಣಾಡಿಸಿ. ತಲೆ ದುಂಡಗಾಗಲಿ ಅಂತ ರಾಗಿ ದಿಂಬು ಅಥವಾ ಸಾಸಿವೆ ದಿಂಬು. ಅತ್ತಿತ್ತ ಹೊರಳದಿರಲಿ ಅಂತ ಎರಡೂ ಪಕ್ಕ ಪುಟ್ಟ ಗುಂಡು ದಿಂಬು. ಕಿವಿಗೆ ಗಾಳಿ ಹೋಗದಿರಲಿ ಅಂತ ಮೇ ತಿಂಗಳಲ್ಲೂ ಕುಲಾವಿ. ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ. ಕತ್ತಿನಲ್ಲಿ ದೃಷ್ಟಿದಾರ. ಕಿಟಕಿ ಪೂರ್ತಿ ಮುಚ್ಚಿದೆ.

ಎಲ್ಲವೂ ಪ್ರೀತಿಯಿಂದ ಬಂದದ್ದೇ. ಅಜ್ಜಿಯ ಜೊತೆ ಇದಕ್ಕೆಲ್ಲ ಒಟ್ಟಿಗೆ ಯುದ್ಧ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ದಿಂಬಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ತಲೆಯ ಆಕಾರಕ್ಕೆಂದು ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ನೇರವಾಗಿ ಎಚ್ಚರಿಸಿದೆ. ತಲೆಯ ಹಿಂಭಾಗ ಸ್ವಲ್ಪ ಚಪ್ಪಟೆಯಾದರೆ ಮಗು ಕೂರಲು, ಹೊರಳಲು ಕಲಿತ ಮೇಲೆ ಹೆಚ್ಚಿನ ಮಟ್ಟಿಗೆ ಸರಿಹೋಗುತ್ತದೆ. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು, ದಿನಕ್ಕೆ ಹಲವು ಬಾರಿ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಮಲಗಿಸಿ. ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕತ್ತಿನ ದಾರ ಬೇಕೇ ಬೇಕು ಅಂದರೆ ನಿದ್ದೆಯ ಹೊತ್ತಿಗೆ ಬಿಚ್ಚಿಡಬಹುದು. ಕುಲಾವಿಯನ್ನು ನಿದ್ದೆಯಲ್ಲಿ ತೆಗೆಯುವುದು ಒಳ್ಳೆಯದು, ಯಾಕೆಂದರೆ ಕೂಸಿನ ಮೈಯ ಶಾಖ ತಲೆಯಿಂದಲೇ ಹೆಚ್ಚು ಹೊರಗೆ ಹೋಗುತ್ತದೆ. ಇದು ತುಂಬಾ ಕಡಿಮೆ ತೂಕದ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅವರನ್ನು ಬೆಚ್ಚಗಿಡುವುದೇ ಮೊದಲ ಚಿಕಿತ್ಸೆ, ವೈದ್ಯರು ಹೇಳಿದಂತೆ ನಡೆಯಬೇಕು.

ಇನ್ನು ಸೀರೆಯ ಜೋಲಿ. ಅಳುವ ಮಗು ಅದರಲ್ಲಿ ಐದು ನಿಮಿಷಕ್ಕೆ ನಿದ್ದೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ. ಎಳೆ ಮಗುವಿನ ಉಸಿರುಗೊಳವೆ ಮೆತ್ತಗೆ, ಕಿರಿದು. ಆ ಭಂಗಿಯಲ್ಲಿ ಅದು ಮಡಚಿಕೊಳ್ಳಬಹುದು. ಅಮೆರಿಕದಲ್ಲಿ ಫಿಶರ್-ಪ್ರೈಸ್ ಕಂಪನಿ ತನ್ನ 47 ಲಕ್ಷ ಓರೆ ತೊಟ್ಟಿಲುಗಳನ್ನು 2019ರಲ್ಲಿ ವಾಪಸ್ ಪಡೆಯಬೇಕಾಗಿ ಬಂತು, ಅವುಗಳಲ್ಲಿ ಮಲಗಿದ್ದ ಮಕ್ಕಳ ಸಾವಿನ ವರದಿಗಳು ಬಂದ ಮೇಲೆ. 2022ರಲ್ಲಿ ಅಲ್ಲಿ ಕಾನೂನು ಮಾಡಿ ಅಂಥ ಓರೆ ತೊಟ್ಟಿಲುಗಳನ್ನೇ ನಿಷೇಧಿಸಿದರು. ಈಗ ಹತ್ತು ಡಿಗ್ರಿಗಿಂತ ಹೆಚ್ಚು ಓರೆ ಇರುವಂತಿಲ್ಲ. ನಮ್ಮ ಜೋಲಿಗೆ ಅಂಥ ಕಾನೂನಿಲ್ಲ. ಆದರೆ ಮಗುವನ್ನು ಅದರಲ್ಲಿ ನಿದ್ದೆ ಹತ್ತಿಸಿ, ನಿದ್ದೆ ಹತ್ತಿದ ಮೇಲೆ ಸಪಾಟಾದ ಹಾಸಿಗೆಗೆ ಇಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ತಳ ಸಪಾಟಾಗಿರುವ ಮರದ ತೊಟ್ಟಿಲು ಈ ಲೆಕ್ಕದಲ್ಲಿ ಜೋಲಿಗಿಂತ ಎಷ್ಟೋ ವಾಸಿ.

ಪಕ್ಕದಲ್ಲೋ, ಬೇರೆಯೋ?

ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಮತ್ತೆ ಹೇಳಿತು: ಕೋಣೆ ಒಂದೇ ಇರಲಿ, ಹಾಸಿಗೆ ಬೇರೆ ಇರಲಿ, ಕನಿಷ್ಠ ಆರು ತಿಂಗಳು. ಒಂದೇ ಹಾಸಿಗೆಯನ್ನು ತಾವು ಬೆಂಬಲಿಸಲಾರೆವು ಎಂದೂ ಹೇಳಿತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2021ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಹೇಗೂ ತುಂಬಾ ಜನ ಮಲಗಿಸಿಕೊಳ್ಳುತ್ತಾರೆ, ಹಾಗಾಗಿ ಅಪಾಯ ಕಡಿಮೆ ಮಾಡಿ ಮಲಗುವುದು ಹೇಗೆ ಅಂತ ತಾಯಂದಿರ ಜೊತೆ ಮಾತಾಡಿ ಎಂದು ನರ್ಸುಗಳಿಗೆ ಹೇಳಿತು.

ಇಬ್ಬರ ಕೈಯಲ್ಲೂ ಅಂಕಿ ಅಂಶ ಇದೆ. 2013ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಸಿಗರೇಟು, ಮದ್ಯ ಏನೂ ಇಲ್ಲದ, ಎದೆಹಾಲು ಕುಡಿಸುವ ತಾಯಿಯ ಪಕ್ಕದಲ್ಲೂ ಮೊದಲ ಮೂರು ತಿಂಗಳಲ್ಲಿ ಸಿಡ್ಸ್ ಅಪಾಯ ಐದು ಪಟ್ಟು. ಐದು ಪಟ್ಟು ಅಂದ ಕೂಡಲೇ ಎದೆ ಝಲ್ ಅನ್ನುತ್ತದೆ. ಆದರೆ ಅದೇ ವರದಿ ಮೂರು ತಿಂಗಳಿಗೆ ನಿಲ್ಲದ, ಒಟ್ಟಾರೆ ಲೆಕ್ಕದ ಇನ್ನೊಂದು ಅಂದಾಜನ್ನೂ ಕೊಟ್ಟಿದೆ. ಬೇರೆ ಯಾವ ಅಪಾಯವೂ ಇಲ್ಲದ ಕೂಸು ಬೇರೆ ಹಾಸಿಗೆಯಲ್ಲಿ ಮಲಗಿದರೆ ಲಕ್ಷಕ್ಕೆ 8 ಸಾವು, ಒಂದೇ ಹಾಸಿಗೆಯಲ್ಲಾದರೆ ಲಕ್ಷಕ್ಕೆ 23. ಹೆಚ್ಚಿದ್ದು ನಿಜ. ಆದರೆ ಲಕ್ಷದಲ್ಲಿ 99,977 ಮಕ್ಕಳಿಗೆ ಏನೂ ಆಗುವುದಿಲ್ಲ ಅನ್ನುವುದೂ ನಿಜ. 'ಇಷ್ಟು ಪಟ್ಟು' ಅಂತ ಹೇಳುವವರನ್ನು ಯಾವಾಗಲೂ 'ಎಷ್ಟರಿಂದ ಎಷ್ಟಕ್ಕೆ' ಅಂತ ಕೇಳಬೇಕು.

ಮಾರನೆಯ ವರ್ಷ, 2014ರಲ್ಲಿ ಬ್ರಿಸ್ಟಲ್‌ನ ಪೀಟರ್ ಬ್ಲೇರ್ ಮತ್ತು ಸಂಗಡಿಗರು 400 ಸಾವುಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿದ ವರದಿ ಕೊಟ್ಟರು. ಸೋಫಾದ ಮೇಲೆ ಮಗುವಿನೊಂದಿಗೆ ನಿದ್ದೆ ಹೋದರೆ ಅಪಾಯ 18 ಪಟ್ಟು. ಕುಡಿದವರ ಪಕ್ಕದಲ್ಲಿ ಮಲಗಿದರೂ ಅಷ್ಟೇ, 18 ಪಟ್ಟು. ಸಿಗರೇಟು ಸೇದುವವರ ಪಕ್ಕದಲ್ಲಿ, ಮೂರು ತಿಂಗಳೊಳಗಿನ ಮಗುವಿಗೆ, ಸುಮಾರು ಒಂಬತ್ತು ಪಟ್ಟು. ಇವು ಯಾವುವೂ ಇಲ್ಲದಾಗ ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಅಪಾಯ ಹೆಚ್ಚಿದ್ದಕ್ಕೆ ಅವರಿಗೆ ಗಟ್ಟಿ ಪುರಾವೆ ಸಿಗಲಿಲ್ಲ. ಹಾಗಾಗಿ ಎರಡು ಗುಂಪುಗಳ ನಡುವೆ ಜಗಳ ಇರುವುದು ಒಂದು ಸಣ್ಣ ಮೂಲೆಯಲ್ಲಿ ಮಾತ್ರ, ಅಂದರೆ ಯಾವ ಅಪಾಯವೂ ಇಲ್ಲದ ತಾಯಿ, ಗಟ್ಟಿ ಹಾಸಿಗೆ, ತೂಕ ಸರಿಯಿರುವ ಮಗು. ಸೋಫಾ, ಕುಡಿತ, ಹೊಗೆ, ಅವಧಿಗೆ ಮುಂಚೆ ಹುಟ್ಟಿದ ಮಗು, ಮೆತ್ತನೆ ಹಾಸಿಗೆ, ಇವುಗಳ ಬಗ್ಗೆ ಇಬ್ಬರದೂ ಒಂದೇ ಮಾತು: ಬೇಡ.

ಈ ಸೋಫಾದ ಕಥೆ ಸ್ವಲ್ಪ ನಿಂತು ನೋಡುವಂಥದ್ದು. ರಾತ್ರಿ ಎರಡೂವರೆ ಗಂಟೆ ಅಂದುಕೊಳ್ಳಿ. 'ಮಗುವಿನ ಜೊತೆ ಹಾಸಿಗೆಯಲ್ಲಿ ನಿದ್ದೆ ಹೋಗಬಾರದು' ಅಂತ ಯಾರೋ ಹೆದರಿಸಿದ್ದಾರೆ. ತಾಯಿ ಎದ್ದು ಹಾಲ್‌ಗೆ ಬಂದು ಸೋಫಾದಲ್ಲಿ ಕೂತು ಹಾಲು ಕುಡಿಸುತ್ತಾಳೆ. ಎದೆಹಾಲು ಕುಡಿಸುವಾಗ ತಾಯಿಗೂ ಮಂಪರು ಬರುತ್ತದೆ, ಅದು ಶರೀರದ ಗುಣ. ಕಣ್ಣು ಮುಚ್ಚುತ್ತದೆ, ತೋಳು ಸಡಿಲವಾಗುತ್ತದೆ, ಮಗು ಜಾರಿ ಅವಳ ಮೈಗೂ ಸೋಫಾದ ದಿಂಬಿಗೂ ನಡುವಿನ ಸಂದಿಯಲ್ಲಿ ಮುಖ ಮಾಡಿ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೆ ಹೆದರಿ ಅದಕ್ಕಿಂತ ಎಷ್ಟೋ ಅಪಾಯದ ಜಾಗಕ್ಕೆ ಬಂದಂತಾಯಿತು. ಕಟ್ಟುನಿಟ್ಟಿನ ಅಮೆರಿಕದ ಸಂಘವೂ ಇದನ್ನು ಒಪ್ಪುತ್ತದೆ: ನಿದ್ದೆ ಬರಬಹುದು ಅನ್ನಿಸಿದರೆ ಸೋಫಾಕ್ಕಿಂತ ಹಾಸಿಗೆ ವಾಸಿ. ಅದಕ್ಕೇ ನನಗೆ ಬ್ರಿಟನ್ನಿನ ದಾರಿ ಹೆಚ್ಚು ಸರಿ ಅನ್ನಿಸುತ್ತದೆ. ಮನೆಯ ಎಲ್ಲರೂ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವ ಕಡೆ 'ಬೇರೆ ಮಂಚ' ಅಂತ ಉಪದೇಶ ಮಾಡಿದರೆ ಕೇಳುವವರು ಯಾರು?

ಮಲಗಿಸಿಕೊಳ್ಳುವುದೇ ಆದರೆ ನೆಲದ ಮೇಲೆ ಹಾಸಿದ ಗಟ್ಟಿ ಹತ್ತಿ ಹಾಸಿಗೆ ಹೊಸ ಕಾಲದ ಮೆತ್ತನೆ ಫೋಮ್ ಹಾಸಿಗೆಗಿಂತ ಒಳ್ಳೆಯದು. ಬೀಳುವ ಭಯ ಇಲ್ಲ, ಹೂತುಹೋಗುವ ಭಯ ಇಲ್ಲ. ಮಗು ತಾಯಿಯ ಪಕ್ಕದಲ್ಲಿ ಅಂಗಾತ ಇರಲಿ, ದಿಂಬು ಕಂಬಳಿ ಅದರ ಮುಖದ ಹತ್ತಿರ ಬೇಡ. ಅಣ್ಣನೋ ಅಕ್ಕನೋ ಇದ್ದರೆ ತಾಯಿಯ ಇನ್ನೊಂದು ಪಕ್ಕಕ್ಕೆ ಮಲಗಲಿ. ಗಂಡ ಕುಡಿದು ಬಂದ ರಾತ್ರಿ ಬೇರೆ ಕಡೆ ಮಲಗಲಿ, ಇದರಲ್ಲಿ ರಾಜಿ ಇಲ್ಲ. ನಿದ್ದೆ ಬರಿಸುವ ಕೆಮ್ಮಿನ ಔಷಧಿ ಕುಡಿದವರಿಗೂ ಇದೇ ಮಾತು. ಮಗುವಿನ ಹುಟ್ಟುತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಮೊದಲ ತಿಂಗಳುಗಳಲ್ಲಿ ಹಾಸಿಗೆ ಬೇರೆ ಮಾಡಿ. ನಮ್ಮ ದೇಶದಲ್ಲಿ ಹೆಚ್ಚು ಕಡಿಮೆ ಐದಾರು ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ.

ನಡುದಾರಿ ಬೇಕು ಅನ್ನುವವರಿಗೆ ನ್ಯೂಜಿಲೆಂಡಿನ ಮಾವೊರಿ ಜನ ಒಂದು ದಾರಿ ತೋರಿಸಿದ್ದಾರೆ. ಅವರಲ್ಲಿ ಕೂಸನ್ನು ಜೊತೆಗೆ ಮಲಗಿಸಿಕೊಳ್ಳುವ ರೂಢಿ ಗಟ್ಟಿ, ಸಿಗರೇಟೂ ಜಾಸ್ತಿ, ಸಾವೂ ಜಾಸ್ತಿ ಇತ್ತು. ಬೇಡ ಅಂದರೆ ಕೇಳುವವರಿರಲಿಲ್ಲ. ಆಗ ಅವರದೇ ಸಮುದಾಯದ ವೈದ್ಯರು ಮತ್ತು ನೇಯುವವರು ಸೇರಿ 'ವಹಕುರ' ಎಂಬ ನಾರಿನ ಬುಟ್ಟಿ ಮಾಡಿದರು. ನಮ್ಮ ಮೊರಕ್ಕೆ ನಾಲ್ಕೂ ಕಡೆ ಅಂಚು ಕಟ್ಟಿದರೆ ಹೇಗಿರುತ್ತದೋ ಹಾಗೆ. ಬುಟ್ಟಿಯನ್ನು ದೊಡ್ಡವರ ಹಾಸಿಗೆಯ ಮೇಲೇ ಇಟ್ಟು ಮಗುವನ್ನು ಅದರೊಳಗೆ ಮಲಗಿಸುತ್ತಾರೆ. ತಾಯಿ ಕೈಚಾಚಿದರೆ ಮಗು ಸಿಗುತ್ತದೆ, ಆದರೆ ಯಾರೂ ಅದರ ಮೇಲೆ ಹೊರಳಲು ಆಗುವುದಿಲ್ಲ.

ಮನೆ ಹೆರಿಗೆ: ಡಚ್ಚರ ಮನೆ, ನಮ್ಮ ಮನೆ

ನಿದ್ದೆಯ ವಿಷಯದಲ್ಲಿ ಬಹುಪಾಲು ನಮ್ಮ ಕೈಯಲ್ಲೇ ಇದೆ. ಹೆರಿಗೆ ಹಾಗಲ್ಲ. ಇಲ್ಲಿ ಮನೆಯೊಳಗೆ ಏನಿದೆ ಅನ್ನುವುದಕ್ಕಿಂತ ಮನೆಯ ಹೊರಗೆ ಏನಿದೆ ಅನ್ನುವುದು ಮುಖ್ಯ.

ಮನೆ ಹೆರಿಗೆ ಒಳ್ಳೆಯದು ಅನ್ನುವವರು ಮೊದಲು ತೆಗೆಯುವ ಹೆಸರು ನೆದರ್ಲೆಂಡ್ಸ್. ಈ ಶತಮಾನದ ಶುರುವಿನಲ್ಲಿ ಅಲ್ಲಿ ಮೂರರಲ್ಲಿ ಒಂದರಷ್ಟು ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಈಗ ಅದರ ಅರ್ಧಕ್ಕಿಂತ ಕಡಿಮೆಯಾಗಿದೆ, ಆದರೂ ಯುರೋಪಿನಲ್ಲಿ ಇದು ದೊಡ್ಡ ಸಂಖ್ಯೆ. 2009ರಲ್ಲಿ ಕಡಿಮೆ ಅಪಾಯದ ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಹೋಲಿಸಿ ನೋಡಿದಾಗ ಮಗುವಿನ ಸಾವಿನಲ್ಲಿ ಮನೆಗೂ ಆಸ್ಪತ್ರೆಗೂ ವ್ಯತ್ಯಾಸ ಕಾಣಲಿಲ್ಲ.

ಆದರೆ ಆ 'ಮನೆ' ಹೇಗಿರುತ್ತದೆ ನೋಡಿ. ದಿನ ತುಂಬುವ ಮೊದಲೇ ವಿಮೆ ಕಂಪನಿಯಿಂದ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಹಾಸಿಗೆಗೆ ಹಾಸುವ ಹೀರುಬಟ್ಟೆ, ಹತ್ತಿ, ಹೊಕ್ಕುಳಬಳ್ಳಿಗೆ ಹಾಕುವ ಕ್ಲಿಪ್ಪು ಎಲ್ಲ ಇರುತ್ತದೆ. ಮಂಚದ ಕಾಲಿಗೆ ಮೆಟ್ಟುಗಟ್ಟೆ ಇಟ್ಟು ಎತ್ತರಿಸುತ್ತಾರೆ, ದಾದಿ ಬಗ್ಗಿ ಬೆನ್ನು ನೋಯಿಸಿಕೊಳ್ಳಬಾರದಲ್ಲ. ಆ ದಾದಿ ನಾಲ್ಕು ವರ್ಷ ಓದಿದವಳು, ಆಮ್ಲಜನಕ ಮತ್ತು ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್ ತಂದಿರುತ್ತಾಳೆ. ಬಿ.ಪಿ. ಇದ್ದವರು, ಅವಳಿ ಮಕ್ಕಳಿದ್ದವರು, ಹಿಂದೆ ಸಿಸೇರಿಯನ್ ಆದವರು ಈ ಪಟ್ಟಿಗೇ ಬರುವುದಿಲ್ಲ, ಅವರನ್ನು ಮೊದಲೇ ಆಸ್ಪತ್ರೆಗೆ ಕಳಿಸಿರುತ್ತಾರೆ. ತುರ್ತು ಬಂದರೆ ಕರೆ ಮಾಡಿದ 45 ನಿಮಿಷದೊಳಗೆ ಆಸ್ಪತ್ರೆ ಸೇರಬೇಕು ಎಂಬುದು ಅಲ್ಲಿನ ನಿಯಮ. ಹೆರಿಗೆ ಆದ ಮೇಲೂ ಒಂದು ವಾರ ತರಬೇತಾದ ಸಹಾಯಕಿ ಮನೆಗೆ ಬಂದು ತಾಯಿ ಮಗು ನೋಡಿಕೊಳ್ಳುತ್ತಾಳೆ. ಅದೊಂದು ಆಸ್ಪತ್ರೆಯೇ, ಗೋಡೆ ಮಾತ್ರ ಮನೆಯದು.

ಇಷ್ಟೆಲ್ಲ ಇದ್ದೂ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ ಕಡಿಮೆ ಅಪಾಯದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಎರಡನೆಯ, ಮೂರನೆಯ ಹೆರಿಗೆಯಾದರೆ ಮನೆಯಲ್ಲೂ ಮಗುವಿಗೆ ಅಪಾಯ ಹೆಚ್ಚಿರಲಿಲ್ಲ, ತಾಯಿಗೆ ಸಿಸೇರಿಯನ್, ಕತ್ತರಿ ಹಾಕುವುದು ಎಲ್ಲ ಕಡಿಮೆ. ಚೊಚ್ಚಲ ಹೆರಿಗೆಯಾದರೆ ಕಥೆ ಬೇರೆ. ಮಗುವಿಗೆ ಗಂಭೀರ ತೊಂದರೆ ಆದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಇದರಲ್ಲಿ ಎಲ್ಲವೂ ಸಾವಲ್ಲ, ಮೆದುಳಿಗೆ ಆದ ಪೆಟ್ಟು, ತೋಳಿನ ನರಕ್ಕೆ ಆದ ಪೆಟ್ಟು ಕೂಡ ಸೇರಿವೆ. ಇನ್ನೂ ಒಂದು ಅಂಕಿ ನೆನಪಿಡಬೇಕು: ಮನೆಯಲ್ಲಿ ಶುರು ಮಾಡಿದ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಯ ವೇಳೆ ಅಥವಾ ಅದಾದ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಬಹಳಷ್ಟು ತುರ್ತು ಅಲ್ಲ, ನೋವು ಮುಂದುವರಿಯದೆ ನಿಂತದ್ದು. ಆದರೂ ಸಾಗಿಸಲು ಗಾಡಿ, ದಾರಿ, ಕಾಯುತ್ತಿರುವ ವೈದ್ಯರು ಬೇಕಲ್ಲ.

ಅಂಥ ಜೋಡಣೆ ಸಡಿಲವಾಗಿರುವ ಅಮೆರಿಕದಲ್ಲಿ ಏನಾಗುತ್ತದೆ? ಅಲ್ಲಿ ಮನೆಗೆ ಬರುವ ದಾದಿಯರ ತರಬೇತಿ ಒಂದೇ ಮಟ್ಟದ್ದಲ್ಲ, ಆಸ್ಪತ್ರೆಗಳ ಜೊತೆ ಎಲ್ಲರಿಗೂ ಸಂಬಂಧ ಇರುವುದಿಲ್ಲ. ಆರೆಗಾನ್ ರಾಜ್ಯ 2012ರಿಂದ ಜನನ ಪತ್ರದಲ್ಲಿ 'ಎಲ್ಲಿ ಹೆರಬೇಕು ಅಂದುಕೊಂಡಿದ್ದಿರಿ' ಅಂತಲೂ ಕೇಳಲು ಶುರು ಮಾಡಿತು. ಅದಕ್ಕೆ ಮುಂಚೆ ಮನೆಯಲ್ಲಿ ಶುರುವಾಗಿ ಕೆಟ್ಟು ಆಸ್ಪತ್ರೆಯಲ್ಲಿ ಮುಗಿದ ಹೆರಿಗೆಗಳು ಆಸ್ಪತ್ರೆಯ ಖಾತೆಗೇ ಬೀಳುತ್ತಿದ್ದವು. ಸರಿಯಾಗಿ ವಿಂಗಡಿಸಿದ ಮೇಲೆ ಸಿಕ್ಕಿದ್ದು: ಮಗುವಿನ ಸಾವು ಆಸ್ಪತ್ರೆಯಲ್ಲಿ ಸಾವಿರಕ್ಕೆ 1.8, ಹೊರಗೆ 3.9. ಸಿಸೇರಿಯನ್ ಆಸ್ಪತ್ರೆಯಲ್ಲಿ ನೂರಕ್ಕೆ 25ರ ಹತ್ತಿರ, ಹೊರಗೆ 5. ತಕ್ಕಡಿಯ ಎರಡೂ ತಟ್ಟೆ ಇಲ್ಲಿ ಒಟ್ಟಿಗೇ ಕಾಣುತ್ತವೆ.

ದೂರ ಯಾಕೆ ಅಷ್ಟು ಮುಖ್ಯ? ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಹೆರಿಗೆಯ ನಂತರ ಗರ್ಭಕೋಶ ಬಿಗಿದು ಗಟ್ಟಿಯಾಗದಿದ್ದರೆ ಆ ನಲ್ಲಿ ನಿಲ್ಲುವುದಿಲ್ಲ. ಇದು ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ, ಎಲ್ಲ ಸರಿಯಿದ್ದವರಿಗೂ ಆಗುತ್ತದೆ. ಮಗುವಿನ ಕಡೆಯಿಂದ ನೋಡಿದರೆ ನೂರರಲ್ಲಿ ಸುಮಾರು 85 ಮಕ್ಕಳು ತಾವೇ ಉಸಿರಾಡುತ್ತಾರೆ, ಹತ್ತರಷ್ಟು ಮಕ್ಕಳು ಒರೆಸಿ ಬೆನ್ನು ಉಜ್ಜಿದರೆ ಉಸಿರಾಡುತ್ತಾರೆ. ಉಳಿದ ನಾಲ್ಕೈದು ಮಕ್ಕಳಿಗೆ ಒಂದು ನಿಮಿಷದೊಳಗೆ ಚೀಲ ಮತ್ತು ಮುಖವಾಡದಿಂದ ಗಾಳಿ ಒತ್ತಬೇಕು. ಒಂದು ನಿಮಿಷ ಅಂದರೆ 108ಕ್ಕೆ ಫೋನ್ ಮಾಡಿ ಊರಿನ ಹೆಸರು ಹೇಳಿ ಮುಗಿಸುವಷ್ಟು ಹೊತ್ತು.

ಸೂಲಗಿತ್ತಿಯಿಂದ ಇಲ್ಲಿಯವರೆಗೆ

ನಮ್ಮಲ್ಲಿ ಮನೆ ಹೆರಿಗೆ ಅಂದರೆ ನೆನಪಾಗುವುದು ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಅಜ್ಜಿಯಿಂದ ಕಲಿತ ವಿದ್ಯೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದು ರೂಪಾಯಿ ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂಥವರ ಕೈಯಲ್ಲಿ ಹುಟ್ಟಿದವರು ಈ ಲೇಖನ ಓದುವವರಲ್ಲೂ ಇರಬಹುದು.

ಆದರೆ ನರಸಮ್ಮನವರ ಕೈಗುಣ ಎಷ್ಟೇ ದೊಡ್ಡದಿದ್ದರೂ ಒಂದು ವಿಷಯ ಮರೆಯಬಾರದು. ಆ ಹೆಂಗಸರಿಗೆ ಮನೆ ಒಂದು ಆಯ್ಕೆ ಆಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ನೂರಕ್ಕೆ 65ರ ಹತ್ತಿರ. 2019-21ಕ್ಕೆ 97. ನಡುವೆ ಆಶಾ ಕಾರ್ಯಕರ್ತೆಯರು ಬಂದರು, ಜನನಿ ಸುರಕ್ಷಾ ಯೋಜನೆ ಬಂತು, ಮಡಿಲು ಕಿಟ್ ಬಂತು, 2008ರಲ್ಲಿ 108 ಬಂತು. ಲಕ್ಷ ಹೆರಿಗೆಗೆ 228 ಇದ್ದ ತಾಯಂದಿರ ಸಾವು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಇಳಿದದ್ದಕ್ಕೆ ಆಸ್ಪತ್ರೆ ಒಂದೇ ಕಾರಣ ಅಲ್ಲ. ಮದುವೆಯ ವಯಸ್ಸು ಏರಿತು, ಹೆರಿಗೆಗಳ ಸಂಖ್ಯೆ ಇಳಿಯಿತು, ರಸ್ತೆ ಬಂತು. ಆದರೆ ಆಸ್ಪತ್ರೆ ಇಲ್ಲದೆ ಇದು ಆಗುತ್ತಿರಲಿಲ್ಲ.

ಈಗ ನಗರಗಳಲ್ಲಿ ಮತ್ತೆ ಮನೆ ಹೆರಿಗೆಯ ಮಾತು ಕೇಳಿಬರುತ್ತಿದೆ. ಅದನ್ನು ಸುಮ್ನೆ ಶೋಕಿ ಅಂತ ತಳ್ಳಿಹಾಕುವುದು ತಪ್ಪು. 2019-21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧದಷ್ಟು. ಇಷ್ಟೊಂದು ಹೆಂಗಸರಿಗೆ ನಿಜವಾಗಿ ಸಿಸೇರಿಯನ್ ಬೇಕಿತ್ತೇ ಅಂತ ಕೇಳುವುದು ನ್ಯಾಯ. ಹೆರಿಗೆ ಕೋಣೆಯಲ್ಲಿ ಗಂಡನೋ ಅಮ್ಮನೋ ಜೊತೆಗೆ ಇರುವಂತಿಲ್ಲ, ಅತ್ತರೆ ಬೈಗುಳ, ಕೆಲವು ಕಡೆ ಕೇಳದೆಯೇ ಹೆರಿಗೆ ದಾರಿಗೆ ಕತ್ತರಿ. ಇದರಿಂದ ಬೇಸತ್ತವರು ಮನೆ ಕಡೆ ನೋಡುತ್ತಾರೆ. ಆಸ್ಪತ್ರೆ ಅಂದ ಮಾತ್ರಕ್ಕೆ ಕ್ಷೇಮ ಅಂತಲೂ ಹೇಳುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸರಣಿ ಸಾವು ನೋಡಿದೆವು. ಅವರಿಗೆ ಕೊಟ್ಟ ಐ.ವಿ. ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದರ ಬಳಕೆಯನ್ನೇ ನಿಲ್ಲಿಸಿತು.

ಹೀಗಿದ್ದೂ ಇವತ್ತು ಕರ್ನಾಟಕದಲ್ಲಿ ಯಾರಾದರೂ ನನ್ನನ್ನು ಕೇಳಿದರೆ ಮನೆ ಹೆರಿಗೆ ಬೇಡ ಅಂತಲೇ ಹೇಳುತ್ತೇನೆ. ಡಚ್ ಅಧ್ಯಯನದ ಫಲ ಡಚ್ ವ್ಯವಸ್ಥೆಯದು. ಇಲ್ಲಿ ಮನೆಗೆ ಬರುವ ಪರವಾನಗಿ ಇರುವ ದಾದಿಯರ ಜಾಲ ಇಲ್ಲ, ಬೆಂಗಳೂರಿನ ಟ್ರಾಫಿಕ್‌ನಲ್ಲಿ 45 ನಿಮಿಷದ ಮಾತು ಯಾರೂ ಕೊಡಲಾರರು. ವ್ಯವಸ್ಥೆ ಬಿಟ್ಟು ಹೆಸರು ಮಾತ್ರ ಎರವಲು ತಂದರೆ ಏನಾಗುತ್ತದೆ ಅನ್ನುವುದು 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಕಂಡಿತು. ಯೂಟ್ಯೂಬ್ ವಿಡಿಯೋ ನೋಡಿ ಮನೆಯಲ್ಲೇ ಹೆರಿಗೆಗೆ ಕೂತ ದಂಪತಿ, ಮಗು ಉಳಿಯಿತು, ತಾಯಿ ರಕ್ತಸ್ರಾವದಿಂದ ಹೋದಳು. ಇನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲೋ ಮಳೆಗಾಲದ ಮಲೆನಾಡಿನಲ್ಲೋ ಇರುವವರಿಗೆ ಬುದ್ಧಿವಾದ ಬೇಕಿಲ್ಲ. ದಿನ ತುಂಬುವ ಮೊದಲೇ ಆಸ್ಪತ್ರೆ ಹತ್ತಿರ ಉಳಿಯಲು ಜಾಗ ಬೇಕು, ಗಾಡಿ ಬೇಕು.

ಮನೆ ಹೆರಿಗೆ ಬಯಸುವವರು ನಿಜವಾಗಿ ಬಯಸುವುದನ್ನು ಆಸ್ಪತ್ರೆಯಲ್ಲೇ ಕೇಳಿ ಪಡೆಯಬಹುದು. ಜೊತೆಗೊಬ್ಬರು ಇರುವುದು, ನೋವಿನಲ್ಲಿ ನಡೆದಾಡುವುದು, ಬೇಕಾದ ಭಂಗಿ, ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ತಡೆದು ಕತ್ತರಿಸುವುದು, ಹುಟ್ಟಿದ ಕೂಡಲೇ ಮಗುವನ್ನು ಎದೆಯ ಮೇಲೆ ಮಲಗಿಸುವುದು, ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದ ಮಾತುಗಳು. ಏಳನೇ ತಿಂಗಳಲ್ಲೇ ಕೇಳಿ. ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಆಸ್ಪತ್ರೆಯಲ್ಲೇ ಇರುತ್ತಾರಾ, ರಕ್ತ ಎಲ್ಲಿಂದ ತರಿಸುತ್ತೀರಿ, ಮಗು ಉಸಿರಾಡದಿದ್ದರೆ ನೋಡಿಕೊಳ್ಳುವವರು ಯಾರು. ಮೂರಕ್ಕೂ 'ಫೋನ್ ಮಾಡಿ ಕರೆಸುತ್ತೇವೆ' ಅನ್ನುವ ಸಣ್ಣ ನರ್ಸಿಂಗ್ ಹೋಮ್, ಬೋರ್ಡು ಏನೇ ಇದ್ದರೂ, ತುರ್ತಿನಲ್ಲಿ ಮನೆಗಿಂತ ಬಹಳ ಮುಂದೆ ಇರುವುದಿಲ್ಲ.

ಎರಡೂ ವಿಷಯ ಒಂದೇ ಮಂಚದ ಮೇಲೆ ಸೇರುವುದು ಹೆರಿಗೆಯಾದ ಮೊದಲ ಎರಡು ರಾತ್ರಿ. ಸಿಸೇರಿಯನ್ ಆದ ತಾಯಿಗೆ ನೋವಿನ ಔಷಧಿಯ ಮಂಪರು ಇರುತ್ತದೆ, ಕಾಲು ಪೂರ್ತಿ ಸ್ವಾಧೀನದಲ್ಲಿರುವುದಿಲ್ಲ, ವಾರ್ಡಿನ ಮಂಚ ಎರಡೂವರೆ, ಮೂರು ಅಡಿ ಅಗಲ. ತೊಟ್ಟಿಲು ಸಾಲದೆಂದು ಮಗುವನ್ನೂ ಅದೇ ಮಂಚದಲ್ಲಿ ಮಲಗಿಸುತ್ತಾರೆ. ಮೇಲೆ ಹೇಳಿದ ಅಪಾಯಗಳಲ್ಲಿ ಹಲವು ಒಟ್ಟಿಗೆ ಸೇರುವುದು ಇಲ್ಲೇ. ಜೊತೆಗಿರುವ ಅಮ್ಮನೋ ಅತ್ತೆಯೋ ಹಾಲು ಕುಡಿಸುವಷ್ಟು ಹೊತ್ತೂ ಎಚ್ಚರವಿದ್ದು, ಕುಡಿದು ಮುಗಿಸಿದ ಮಗುವನ್ನು ಎತ್ತಿ ಪಕ್ಕದ ತೊಟ್ಟಿಲಿಗೆ ಅಂಗಾತ ಮಲಗಿಸಬೇಕು. ತೊಟ್ಟಿಲು ಇಲ್ಲದಿದ್ದರೆ ರಾತ್ರಿ ಪಾಳಿಯ ನರ್ಸ್ ಹತ್ತಿರ ಕೇಳಿ, ಪ್ರಸವ ಕೋಣೆಯಲ್ಲಿ ಒಂದಾದರೂ ಖಾಲಿ ಇರಬಹುದು.